ನಾನು ಯಾರು ಹೇಳಿ ನೋಡೋಣ

ಎಲ್ಲರಿಗೂ ನಮಸ್ಕಾರ. ಇವತ್ತು ಸೆಪ್ಟೆಂಬರ್ 21, ವಿಶ್ವ ಆಲ್ಝೈಮರ್ಸ್ ದಿನ. ಈ ಮರೆವಿನ ಕಾಯಿಲೆ ಏನು, ಎತ್ತ ಅಂತ ನನಗಿಂತ ಮೊದಲು ಮಾತಾಡಿದ ಡಾಕ್ಟರು ಹೇಳಿಯಾಗಿದೆ. ನಾನು ಬಂದಿರುವುದು ಒಂದು ಪ್ರಶ್ನೆಯ ಮೇಲಿನ ಸಿಟ್ಟು ತೀರಿಸಿಕೊಳ್ಳಲು.

"ಅಜ್ಜಿ, ನಾನು ಯಾರು ಹೇಳಿ ನೋಡೋಣ?"

ಮರೆವಿನವರ ಮನೆಗೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಚಪ್ಪಲಿ ಬಿಡುವ ಮೊದಲೇ ಪರೀಕ್ಷೆ! ನಮ್ಮತ್ತೆ "ಓಹೋ, ಬಾ ಬಾ, ಕಾಫಿ ಆಯ್ತಾ?" ಅನ್ನುತ್ತಿದ್ದರು. ಗುರುತು ಸಿಕ್ಕಿತು ಅಂತ ಬಂದವರಿಗೆ ಖುಷಿ. ಅವರು ಗೇಟು ದಾಟಿದ ಮೇಲೆ ನನ್ನನ್ನು ಮೆಲ್ಲಗೆ ಕೇಳುವುದು: "ಅದ್ಯಾರೇ?"

ಕಾಗ್ನಿಟಿವ್ ಸ್ಟಿಮ್ಯುಲೇಷನ್ ಥೆರಪಿ, ಅಂದರೆ ಸಿಎಸ್‌ಟಿ, ನನಗೆ ಇಷ್ಟವಾದದ್ದು ಇದಕ್ಕೇ. ಮರೆವಿನವರನ್ನು ಗುಂಪಾಗಿ ಕೂರಿಸಿ, ಮಾತುಕತೆ, ಚಟುವಟಿಕೆಗಳಿಂದ ಯೋಚನೆಯನ್ನು ಚುರುಕಾಗಿಡುವ ಕ್ರಮ ಇದು. ಅಲ್ಲಿ ನೆನಪು ಕೇಳುವುದಿಲ್ಲ, ಅಭಿಪ್ರಾಯ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಮನೋವಿಜ್ಞಾನಿ ಏಮಿ ಸ್ಪೆಕ್ಟರ್ ಮತ್ತು ಜೊತೆಯವರು ರೂಪಿಸಿದ್ದು. ಐದಾರು ಜನ ಕೂರುತ್ತಾರೆ, ವಾರಕ್ಕೆ 2 ಸಲ, ಮುಕ್ಕಾಲು ಗಂಟೆ. 7 ವಾರಕ್ಕೆ 14 ಕೂಟ. ಒಂದು ದಿನ ಬಾಲ್ಯ, ಒಂದು ದಿನ ಊಟತಿಂಡಿ, ಒಂದು ದಿನ ದುಡ್ಡು. ಗುಂಪಿಗೊಂದು ಹೆಸರು, ಒಂದು ಹಾಡು. 2003ರಲ್ಲಿ ಪ್ರಕಟವಾದ 201 ಜನರ ಅಧ್ಯಯನದಲ್ಲಿ ಯೋಚನಾಶಕ್ತಿಯೂ ಬದುಕಿನ ನೆಮ್ಮದಿಯೂ ಸ್ವಲ್ಪ ಸುಧಾರಿಸಿದ್ದು ಕಂಡಿತು. ಕಾಯಿಲೆ ವಾಸಿಯಾಗಲಿಲ್ಲ, ಆ ಆಸೆ ಬೇಡ. ತೀರಾ ಮುಂದುವರಿದ ಹಂತಕ್ಕೂ ಇದಲ್ಲ.

ಇದನ್ನೆಲ್ಲ ಓದಿ ನಾನೂ ಮನೆಯಲ್ಲಿ ಶುರು ಮಾಡಿದೆ. ಎರಡು ಬಾಟಲಿ ಮಿಡಿ ಉಪ್ಪಿನಕಾಯಿ ಎದುರಿಗಿಟ್ಟು "ಅತ್ತೆ, ಇದೇನು ಹೇಳಿ?" ಅಂದೆ. ನೋಡಿ, ಓದಿದವಳೂ ಮಾಡಿದ್ದು ಪರೀಕ್ಷೆಯೇ! ಅವರು ಸುಮ್ನೆ ಸೆರಗು ಸುತ್ತುತ್ತಾ ಕೂತರು. ಆಮೇಲೆ ಬುದ್ಧಿ ಬಂತು. "ಯಾವುದು ಚೆನ್ನಾಗಿದೆ?" ಅಂದೆ. ಒಂದನ್ನು ಕಚ್ಚಿದರು.

"ಥೂ, ಮಿಡಿ ಮೆತ್ತಗಾಗಿದೆ. ಉಪ್ಪು ಸಾಲದು. ಯಾವ ಸೋಮಾರಿ ಹಾಕಿದ್ದು?"

ಹಾಕಿದ್ದು ನಾನೇ.

ಆಮೇಲೆ ಅರ್ಧ ಗಂಟೆ ಪಾಠ. ನೆಲಕ್ಕೆ ಬಿದ್ದ ಮಿಡಿ ಆಗದು, ಮರ ಹತ್ತಿ ಕೊಯ್ಯಬೇಕು. ತೊಟ್ಟು ಇರಬೇಕು. ಉಪ್ಪಿನಲ್ಲಿ ಚಿರುಟುವ ತನಕ ಕಾಯಬೇಕು. ನನ್ನ ಹೆಸರು ಅವತ್ತೂ ನೆನಪಾಗಲಿಲ್ಲ. ಬೈಗುಳ ಮಾತ್ರ ಸರಿಯಾದ ವಿಳಾಸಕ್ಕೇ ಬಂತು.

ಇದನ್ನೇ ಗುಂಪಿಲ್ಲದೆ, ಮನೆಯವರೇ ಒಬ್ಬೊಬ್ಬರಿಗೆ ಮಾಡಿಸುವ ಕ್ರಮವೂ ಇದೆ. ವಾರಕ್ಕೆ 3 ಸಲ, ಅರ್ಧರ್ಧ ಗಂಟೆ, 25 ವಾರ. ಕಾಯಿಲೆಯವರು ಒಬ್ಬರು, ನೋಡಿಕೊಳ್ಳುವವರು ಒಬ್ಬರು, ಹೀಗೆ 356 ಜೋಡಿಗಳ ಮೇಲೆ ನೋಡಿದರು, 2015ರಲ್ಲಿ ಫಲಿತಾಂಶ ಬಂತು. ಯೋಚನಾಶಕ್ತಿ ಹೆಚ್ಚಲಿಲ್ಲ. ಎಷ್ಟೋ ಮನೆಗಳಲ್ಲಿ ಅಷ್ಟು ಸಲ ಕೂರಲೂ ಆಗಲಿಲ್ಲ. ಆಗುತ್ತದಾ ಹೇಳಿ? ನನಗೂ ಆಗಲಿಲ್ಲ. ಆದರೆ ನೋಡಿಕೊಳ್ಳುವವರ ಜೊತೆಗಿನ ಸಂಬಂಧ ಚೆನ್ನಾಗಿದೆ ಅಂತ ಕಾಯಿಲೆಯವರಿಗೇ ಅನ್ನಿಸಿತು. ಅದಕ್ಕೆ ಫೇಲ್ ಅನ್ನಲು ನನಗೆ ಮನಸ್ಸಿಲ್ಲ.

ಓ, ಸಮಯ ಆಯ್ತು ಅಂತ ಚೀಟಿ ಬಂತು. ಹಾಡು, ಹಳೇ ನಾಣ್ಯ ಎಲ್ಲ ಹೇಳದೇ ಬಿಟ್ಟೆ. ಊಟದ ಪಂಕ್ತಿಯಲ್ಲಿ ಎರಡು ಬಾಟಲಿ ಮಿಡಿ ಇಟ್ಟಿದ್ದೇನೆ. ಒಂದು ಅಂಗಡಿಯದು, ಒಂದು ನನ್ನದು. ಯಾವುದು ಯಾರದು ಅಂತ ನಾನು ಕೇಳುವುದಿಲ್ಲ. ಯಾವುದು ಚೆನ್ನಾಗಿದೆ ಅಂತ ಹೇಳಿ ಸಾಕು.