ಡೊಮೇನ್ ಹೆಸರಿಗೆ ನೋಟಿಸ್ ಬಂದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಎಷ್ಟೋ ವರ್ಷಗಳಿಂದ ನೀವು ಒಂದು ವೆಬ್‌ಸೈಟ್ ನಡೆಸುತ್ತಿದ್ದೀರಿ ಅಂದುಕೊಳ್ಳಿ. ಒಂದು ಬೆಳಿಗ್ಗೆ ಇಮೇಲ್ ತೆರೆದರೆ ದೊಡ್ಡ ಕಂಪನಿಯೊಂದರ ವಕೀಲರ ನೋಟಿಸ್. ಈ ಹೆಸರು ನಮ್ಮ ಟ್ರೇಡ್‌ಮಾರ್ಕ್, ಏಳು ದಿನದಲ್ಲಿ ಡೊಮೇನ್, ಅಂದರೆ ನಿಮ್ಮ ವೆಬ್‌ಸೈಟ್ ವಿಳಾಸದ ಹೆಸರು, ಬಿಟ್ಟುಕೊಡಿ ಅಂತ. ಎದೆ ಧಸಕ್ಕೆನ್ನುತ್ತದೆ, ಅಲ್ವಾ?

ಆ ಗಾಬರಿಯಲ್ಲಿ ಕೆಲವರು ಸುಮ್ನೆ ಕೂತುಬಿಡುತ್ತಾರೆ. ಇನ್ನು ಕೆಲವರು ಅವತ್ತೇ ಉತ್ತರ ಬರೆಯುತ್ತಾರೆ: ಇಷ್ಟು ಹಣ ಕೊಡಿ, ಹೆಸರು ತಗೊಳ್ಳಿ. ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ. ಟ್ರೇಡ್‌ಮಾರ್ಕ್ ಇರುವವರಿಗೇ ಖರ್ಚಿಗಿಂತ ಜಾಸ್ತಿ ಬೆಲೆಗೆ ಮಾರುವ ಉದ್ದೇಶದಿಂದ ಹೆಸರು ನೋಂದಾಯಿಸಿದರೆ ಅದು ದುರುದ್ದೇಶದ ಗುರುತು. ನಿಯಮದಲ್ಲೇ ಹಾಗೆ ಬರೆದಿದೆ. ಗಾಬರಿಯಲ್ಲಿ ಬರೆದ ನಿಮ್ಮ ಒಂದು ಸಾಲು ಎದುರಿನವರ ಸಾಕ್ಷಿಯಾಗಬಹುದು.

ಡೊಮೇನ್ ಹೆಸರಿನ ಜಗಳ ತೀರಿಸುವ ಈ ನಿಯಮಕ್ಕೆ ಯುಡಿಆರ್‌ಪಿ ಎಂದು ಹೆಸರು. ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಇದನ್ನು 1999ರಲ್ಲಿ ತಂದಿತು. ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್ ಹೆಸರುಗಳಿಗೆಲ್ಲ ಇದು ಅನ್ವಯಿಸುತ್ತದೆ. ಹೆಸರು ಕೊಳ್ಳುವಾಗ ನಾವು ಓದದೆ ಒಪ್ಪಿಕೊಂಡ ಕರಾರಿನಲ್ಲೇ ಇದೂ ಸೇರಿರುತ್ತದೆ.

ವಕೀಲರ ಪತ್ರದಲ್ಲಿರುವ ಏಳು ದಿನ ಅವರೇ ಹಾಕಿದ ಗಡುವು. ಇಂಥ ದೂರುಗಳ ವಿಚಾರಣೆ ನಡೆಸುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಂಥ ಕಡೆ ದೂರು ದಾಖಲಾಗಿ ಪ್ರಕ್ರಿಯೆ ಶುರುವಾದರೆ ಮಾತು ಬೇರೆ. ಆಗ ಉತ್ತರ ಕೊಡಲು 20 ದಿನ ಸಿಗುತ್ತದೆ. ಕೇಳಿದರೆ ಇನ್ನೂ 4 ದಿನ ಕೊಡುತ್ತಾರೆ. ಅದು ದಾಟಿದರೆ ನಿಮ್ಮ ಮಾತೇ ಇಲ್ಲದೆ ಪ್ರಕರಣ ತೀರ್ಮಾನಕ್ಕೆ ಹೋಗುತ್ತದೆ. ನಿಮ್ಮ ಹತ್ತಿರ ನ್ಯಾಯ ಇದ್ದೂ, ಇಮೇಲ್ ನೋಡದೆ ಹೆಸರು ಹೋದರೆ ಎಷ್ಟು ಸಂಕಟ!

ದೂರು ಕೊಟ್ಟವರು ಮೂರು ಸಂಗತಿ ಸಾಬೀತು ಮಾಡಬೇಕು. ಹೆಸರು ಅವರ ಟ್ರೇಡ್‌ಮಾರ್ಕ್‌ನಂತೆಯೇ ಇದೆ, ಅಥವಾ ಗೊಂದಲವಾಗುವಷ್ಟು ಹೋಲುತ್ತದೆ. ಅದರ ಮೇಲೆ ನಿಮಗೆ ಹಕ್ಕಾಗಲಿ, ನ್ಯಾಯವಾದ ಆಸಕ್ತಿಯಾಗಲಿ ಇಲ್ಲ. ನೀವು ಅದನ್ನು ದುರುದ್ದೇಶದಿಂದ ನೋಂದಾಯಿಸಿದಿರಿ, ಹಾಗೆಯೇ ಬಳಸುತ್ತಿದ್ದೀರಿ. ಮೂರೂ ಬೇಕು. ಮೊದಲನೆಯದನ್ನು ಅವರು ಸುಲಭವಾಗಿ ತೋರಿಸುತ್ತಾರೆ. ಅಲ್ಲಿ ವಾದ ಮಾಡಿ ಶಕ್ತಿ ಕಳೆದುಕೊಳ್ಳಬೇಡಿ. ಉಳಿದೆರಡರಲ್ಲಿ ನಿಮ್ಮ ಬಲ ಇದೆ.

ಆ ಬಲ ಬರುವುದು ತಾರೀಖುಗಳಿಂದ. ನೀವು ಹೆಸರು ಕೊಂಡಿದ್ದು ಯಾವಾಗ? ಅವರ ಟ್ರೇಡ್‌ಮಾರ್ಕ್ ಹುಟ್ಟಿದ್ದು ಯಾವಾಗ? ನಿಮ್ಮದು ಮೊದಲಾದರೆ, ಆಗ ಇಲ್ಲದೇ ಇದ್ದ ಗುರುತಿನ ಮೇಲೆ ನಿಮಗೆ ಕಣ್ಣಿತ್ತು ಅನ್ನುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಿಮ್ಮದು ಆಮೇಲಾದರೂ ಹೆದರಬೇಕಿಲ್ಲ. ವಿವಾದದ ಸುದ್ದಿ ಬರುವ ಮೊದಲೇ ಆ ಹೆಸರಿನಲ್ಲಿ ಪ್ರಾಮಾಣಿಕ ವ್ಯವಹಾರ ನಡೆಸಿದ್ದರೆ, ಇಲ್ಲವೇ ಜನ ನಿಮ್ಮನ್ನು ಅದೇ ಹೆಸರಿಂದ ಕರೆಯುತ್ತಿದ್ದರೆ ಅದು ಹಕ್ಕೇ. ಹಳೆಯ ರಸೀದಿ, ಬಿಲ್ಲು, ಇಮೇಲ್, ವೆಬ್‌ಪುಟದ ಹಳೆಯ ಚಿತ್ರ, ಎಲ್ಲ ಹುಡುಕಿ ಜೋಡಿಸಿ. ಬರೀ 'ನಾನು ಒಳ್ಳೆಯವನು' ಅಂದರೆ ಯಾರೂ ನಂಬುವುದಿಲ್ಲ, ಕಾಗದ ಇದ್ದರೆ ನಂಬುತ್ತಾರೆ.

ನಿಸಾನ್ ಡಾಟ್ ಕಾಮ್ ಕಥೆ ನನಗೆ ಯಾವಾಗಲೂ ನೆನಪಾಗುತ್ತದೆ. ಅಮೆರಿಕದಲ್ಲಿ ಕಂಪ್ಯೂಟರ್ ವ್ಯವಹಾರ ಮಾಡುತ್ತಿದ್ದ ಉಜಿ ನಿಸಾನ್ 1994ರಲ್ಲಿ ತಮ್ಮ ಮನೆತನದ ಹೆಸರನ್ನೇ ನೋಂದಾಯಿಸಿದರು. 1999ರಲ್ಲಿ ನಿಸಾನ್ ಕಾರು ಕಂಪನಿ ಕೋರ್ಟಿಗೆ ಹೋಯಿತು. ವರ್ಷಗಟ್ಟಲೆ ಕೇಸು ನಡೆಯಿತು. ಕೊನೆಗೆ ಹೆಸರು ಉಜಿ ಅವರ ಹತ್ತಿರವೇ ಉಳಿಯಿತು. ಆದರೆ ಆ ಪುಟದಲ್ಲಿ ಕಾರುಗಳ ಜಾಹೀರಾತು ಹಾಕಿದ್ದು ತಪ್ಪೆಂದು ಕೋರ್ಟು ಹೇಳಿತು. ಆದ್ದರಿಂದ ನಿಮ್ಮ ಪುಟದಲ್ಲಿ ಏನೇನು ಜಾಹೀರಾತು ಬರುತ್ತಿದೆ ಎಂದು ಇವತ್ತೇ ನೋಡಿಕೊಳ್ಳಿ. ಬೇರೆಯವರ ಗಿರಾಕಿಗಳನ್ನು ಸೆಳೆಯಲೆಂದೇ ನೀವು ಹೆಸರು ಹಿಡಿದಿದ್ದರೆ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಬಿಟ್ಟುಕೊಡುವುದೇ ಸರಿ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ತೀರ್ಪುಗಾರರು ಒಬ್ಬರೇ ಇದ್ದರೆ ಶುಲ್ಕ ಪೂರ್ತಿ ದೂರುದಾರರದು. ಮೂವರು ಬೇಕೆಂದು ನೀವೇ ಕೇಳಿದರೆ ಅರ್ಧ ನಿಮ್ಮ ಪಾಲಿಗೆ ಬರುತ್ತದೆ. ಸೋತರೂ ಇಲ್ಲಿ ದಂಡ ಇಲ್ಲ. ಹೆಸರು ರದ್ದಾಗಬಹುದು ಅಥವಾ ಅವರ ಕೈಗೆ ಹೋಗಬಹುದು, ಅಷ್ಟೇ. ತೀರ್ಪು ನಿಮ್ಮ ವಿರುದ್ಧ ಬಂದರೆ, ಅದು ಜಾರಿಯಾಗುವ ಮೊದಲು ಕೋರ್ಟಿಗೆ ಹೋಗಲು 10 ಕೆಲಸದ ದಿನ ಇರುತ್ತದೆ. ಇನ್ನು ದೊಡ್ಡವರು ಸುಮ್ಮನೆ ಹೆದರಿಸಿ ಹೆಸರು ಕಸಿಯಲು ನೋಡಿದ್ದರೆ, ತೀರ್ಪುಗಾರರು ಅದನ್ನು ತೀರ್ಪಿನಲ್ಲೇ ಬರೆಯಬಹುದು. ಅದಕ್ಕೂ ದಂಡ ಇಲ್ಲ. ಇದು ಸಾಲದು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಮಾತು. ಪ್ರಕರಣ ನಡೆಯುವಾಗ ಹೆಸರಿಗೆ ಬೀಗ ಬೀಳುತ್ತದೆ. ಅದನ್ನು ಬೇರೆಯವರಿಗೆ ವರ್ಗಾಯಿಸಲು ಆಗುವುದಿಲ್ಲ. ಆದರೆ ವೆಬ್‌ಸೈಟ್ ಎಂದಿನಂತೆ ತೆರೆಯುತ್ತದೆ, ನವೀಕರಣವನ್ನೂ ಮಾಡಬಹುದು. ಅದರ ಅವಧಿ ಯಾವತ್ತು ಮುಗಿಯುತ್ತದೆ ಎಂದು ನೋಡಿ, ಹಣ ಕಟ್ಟಿಬಿಡಿ. ಆಮೇಲೆ ಉತ್ತರ ಬರೆಯಲು ಕೂತುಕೊಳ್ಳಿ.

ನಮಸ್ಕಾರ.