ಅಲ್ಟ್ರಾಸೌಂಡ್ ಕಲಿಯಬೇಕೆ? ಮೊದಲು ಕೈ ಪಳಗಬೇಕು

[ಕಪ್ಪು ಪರದೆ. ನಿಧಾನವಾಗಿ ಒಂದು ಸ್ಕ್ಯಾನ್ ಚಿತ್ರ ಮೂಡುತ್ತದೆ.]

ಈ ಚಿತ್ರ ನೋಡಿ. ಆಂಟೆನಾ ತಿರುಗಿಹೋದ ಹಳೇ ಟಿವಿ ಥರ ಇದೆ, ಅಲ್ವಾ? ಈಗ ನಡುವೆ ನೋಡಿ. ಸಣ್ಣ ಬದನೆಕಾಯಿ ಆಕಾರದ ಕಪ್ಪು ಚೀಲ. ಅದು ಪಿತ್ತಕೋಶ. ಒಳಗೆ ಒಂದು ಬಿಳಿ ಚುಕ್ಕೆ, ಅದರ ಕೆಳಗೆ ಉದ್ದಕ್ಕೆ ಒಂದು ಕಪ್ಪು ಪಟ್ಟಿ. ಚುಕ್ಕೆ ಎಂದರೆ ಕಲ್ಲು. ಪಟ್ಟಿ ಅದರ ನೆರಳು. ಶಬ್ದದ ಅಲೆ ಕಲ್ಲನ್ನು ದಾಟಿ ಮುಂದಕ್ಕೆ ಹೋಗಿಲ್ಲ, ಅದಕ್ಕೇ ಹಿಂದೆಲ್ಲ ಕತ್ತಲೆ.

ಇಷ್ಟು ಗುರುತಿಸುವುದನ್ನು ಒಂದು ವಾರದಲ್ಲಿ ಯಾರು ಬೇಕಾದರೂ ಕಲಿಯಬಹುದು. ಆದರೆ ಈ ಚಿತ್ರ ಪರದೆಯ ಮೇಲೆ ಬರುವ ಹಾಗೆ ಮಾಡುವುದಕ್ಕೆ ವರ್ಷಗಳು ಬೇಕು. ಇವತ್ತಿನ ವಿಡಿಯೋ ಅದರ ಬಗ್ಗೆ.

[ಕೈಯಲ್ಲಿ ಪ್ರೋಬ್. ಹತ್ತಿರದ ಶಾಟ್.]

ಸಿಟಿ ಸ್ಕ್ಯಾನ್‌ನಲ್ಲಿ ರೋಗಿಯನ್ನು ಮಲಗಿಸಿ ಯಂತ್ರ ಓಡಿಸಿದರೆ ಇಡೀ ಭಾಗ ದಾಖಲಾಗುತ್ತದೆ. ಇಲ್ಲಿ ಹಾಗಲ್ಲ. ಪ್ರೋಬ್ ಎಂದರೆ ರೋಗಿಯ ಮೈಮೇಲೆ ಇಟ್ಟು ಆಡಿಸುವ ಈ ಉಪಕರಣ. ಅದರ ಕೆಳಗೆ ಬಂದ ಒಂದು ತೆಳು ಹೋಳು ಮಾತ್ರ ಕಾಣುತ್ತದೆ. ಕೈ ಎರಡು ಡಿಗ್ರಿ ವಾಲಿದರೆ ಕಲ್ಲು ಮಾಯ. ನೀವು ನೋಡದೆ ಬಿಟ್ಟದ್ದು ರಿಪೋರ್ಟ್‌ನಲ್ಲೂ ಇರುವುದಿಲ್ಲ.

ಅದೇ ಪಿತ್ತಕೋಶವನ್ನು ಹುಡುಕೋಣ. ರೋಗಿ ಏನೂ ತಿನ್ನದೆ ಬಂದಿರಬೇಕು. ತಿಂದರೆ ಪಿತ್ತಕೋಶ ಹಿಂಡಿಕೊಂಡು ಚಿಕ್ಕದಾಗುತ್ತದೆ. ಬಲಗಡೆ ಪಕ್ಕೆಲುಬಿನ ಅಂಚಿಗೆ ಪ್ರೋಬ್ ಇಡುತ್ತೀರಿ. ಏನೂ ಕಾಣುವುದಿಲ್ಲ, ಬರೀ ಎಲುಬಿನ ನೆರಳು. "ಉಸಿರು ಎಳೆದು ಹಿಡಿದುಕೊಳ್ಳಿ" ಎನ್ನುತ್ತೀರಿ. ಲಿವರ್ ಕೆಳಗೆ ಜಾರುತ್ತದೆ, ಅದರ ಜೊತೆ ಪಿತ್ತಕೋಶವೂ ಇಳಿದು ಕಾಣಿಸಿಕೊಳ್ಳುತ್ತದೆ. ಬಿಳಿ ಚುಕ್ಕೆ ಸಿಕ್ಕಿತು. ಮುಗಿಯಿತಾ? ಇಲ್ಲ. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ ಮತ್ತೆ ನೋಡಬೇಕು. ಚುಕ್ಕೆ ಉರುಳಿ ಜಾಗ ಬದಲಾಯಿಸಿದರೆ ಸಾಮಾನ್ಯವಾಗಿ ಕಲ್ಲು. ಗೋಡೆಗೆ ಅಂಟಿಕೊಂಡೇ ಇದ್ದು, ನೆರಳೂ ಇಲ್ಲದಿದ್ದರೆ ಪಾಲಿಪ್, ಅಂದರೆ ಗೋಡೆಯಿಂದ ಬೆಳೆದ ಸಣ್ಣ ಗಂಟು ಇರಬಹುದು. ಹೊರಳಿಸಿ ನೋಡಲಿಲ್ಲ ಅಂದರೆ, ಆಮೇಲೆ ಬರೀ ಫೋಟೋ ನೋಡುವವರು ಎಷ್ಟೇ ಜಾಣರಾದರೂ ಇದನ್ನು ಹೇಳಲಾರರು.

[ಪರದೆ ಮೇಲೆ: 1540 ಮೀಟರ್ / ಸೆಕೆಂಡ್]

ಈಗ ಎಲ್ಲರೂ ಹೆದರುವ ವಿಷಯ, ಫಿಸಿಕ್ಸ್. ನನ್ನ ಮಾತು ಕೇಳಿ, ಇದನ್ನು ಸುಮ್ನೆ ಉರುಹೊಡೆದು ಪಾಸಾಗಬೇಡಿ.

ಪ್ರೋಬ್ ಒಳಗಿನ ಹರಳುಗಳಿಗೆ ವಿದ್ಯುತ್ ಕೊಟ್ಟರೆ ಕಂಪಿಸುತ್ತವೆ. ವಾಪಸ್ ಬಂದ ಸದ್ದು ಬಡಿದರೆ ವಿದ್ಯುತ್ ಕೊಡುತ್ತವೆ. ಇದು ಪೀಜೋಎಲೆಕ್ಟ್ರಿಕ್ ಗುಣ. ಕ್ಯೂರಿ ಸಹೋದರರು 1880ರಲ್ಲೇ ಇದನ್ನು ಕಂಡುಹಿಡಿದಿದ್ದರು. ದೇಹದೊಳಗೆ ಶಬ್ದ ಸೆಕೆಂಡಿಗೆ 1540 ಮೀಟರ್ ಹೋಗುತ್ತದೆ ಎಂದು ಯಂತ್ರ ನಂಬಿಕೊಂಡಿದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಸುಮಾರು 13 ಮೈಕ್ರೋಸೆಕೆಂಡ್. ಆ ಲೆಕ್ಕದ ಮೇಲೇ ಪ್ರತಿ ಚುಕ್ಕೆಯ ಜಾಗ ನಿರ್ಧಾರವಾಗುತ್ತದೆ. ಆದರೆ ಕೊಬ್ಬಿನಲ್ಲಿ ಶಬ್ದದ ವೇಗ ಸ್ವಲ್ಪ ಕಡಿಮೆ. ಯಂತ್ರಕ್ಕೆ ಅದು ಗೊತ್ತಿಲ್ಲ. ಆಗ ವಸ್ತು ಇರುವುದಕ್ಕಿಂತ ಸ್ವಲ್ಪ ಆಳದಲ್ಲಿ ಕಾಣುತ್ತದೆ.

ಇಂಥ ಸುಳ್ಳುಗಳಿಗೆ ಆರ್ಟಿಫ್ಯಾಕ್ಟ್ ಎನ್ನುತ್ತಾರೆ. ಮೇಲೆ ಹೇಳಿದ ಕಲ್ಲಿನ ನೆರಳೂ ಒಂದು ಆರ್ಟಿಫ್ಯಾಕ್ಟೇ, ಉಪಯೋಗಕ್ಕೆ ಬರುವಂಥದ್ದು.

ಫ್ರೀಕ್ವೆನ್ಸಿ ಎಂದರೆ ಶಬ್ದ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು. ಅದರದು ಸದಾ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಜಾಸ್ತಿ ಮಾಡಿದರೆ ವಿವರ ಚೆನ್ನಾಗಿ ಕಾಣುತ್ತದೆ, ಆಳಕ್ಕೆ ಹೋಗುವುದಿಲ್ಲ. ಹೊಟ್ಟೆಗೆ ಸುಮಾರು 2ರಿಂದ 5 ಮೆಗಾಹರ್ಟ್ಸ್, ಚರ್ಮದ ಹತ್ತಿರವೇ ಇರುವ ಥೈರಾಯ್ಡ್‌ಗೆ 7ರಿಂದ 15. ಜೆಲ್ ಯಾಕೆ ಹಚ್ಚುತ್ತಾರೆ ಗೊತ್ತಲ್ಲ? ಪ್ರೋಬ್ ಮತ್ತು ಚರ್ಮದ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಶಬ್ದ ಅಲ್ಲಿಂದಲೇ ವಾಪಸ್.

[ರಕ್ತನಾಳದ ಕಲರ್ ಡಾಪ್ಲರ್ ಚಿತ್ರ. ಬಣ್ಣ ಇದ್ದಕ್ಕಿದ್ದಂತೆ ಮಾಯವಾಗುತ್ತದೆ.]

ಕಲಿಯುವವರು ಬೀಳುವ ಹಳ್ಳ ಇದು. ಡಾಪ್ಲರ್ ಎಂದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ವಿಧಾನ. ಈಗ ಪರದೆಯಲ್ಲಿ ಬಣ್ಣ ಇಲ್ಲ. "ರಕ್ತ ಹರಿಯುತ್ತಿಲ್ಲ!" ಎಂದು ಗಾಬರಿ. ರಕ್ತ ಆರಾಮಾಗಿ ಹರಿಯುತ್ತಿದೆ. ನೀವು ಪ್ರೋಬನ್ನು ನಾಳಕ್ಕೆ 90 ಡಿಗ್ರಿಯಲ್ಲಿ ನೆಟ್ಟಗೆ ಹಿಡಿದಿದ್ದೀರಿ, ಅಷ್ಟೇ. ರಕ್ತ ಪ್ರೋಬ್ ಕಡೆಗೂ ಬರುತ್ತಿಲ್ಲ, ದೂರವೂ ಹೋಗುತ್ತಿಲ್ಲ. ಹಾಗಾಗಿ ಡಾಪ್ಲರ್‌ಗೆ ಹೇಳುವಂಥದ್ದು ಏನೂ ಇಲ್ಲ. ವೇಗ ಅಳೆಯುವಾಗ ಕೋನ 60 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇಡಿ ಎನ್ನುವುದು ಇದಕ್ಕೇ. ಈ ಲೆಕ್ಕದಲ್ಲಿ ಬರುವುದು ಕೋನದ ಕೊಸೈನ್, 90 ಡಿಗ್ರಿಗೆ ಅದು ಸೊನ್ನೆ. ಆ ಕೊಸೈನ್ ಪಾಠ ಶಾಲೆಯಲ್ಲಿ ಯಾಕೆ ಬೇಕಿತ್ತು ಅಂತ ಕೇಳುತ್ತಿದ್ದವರಿಗೆ ಉತ್ತರ ಸಿಕ್ಕಿತು.

[ಕಪ್ಪುಬಿಳುಪು ಹಿನ್ನೆಲೆ.]

ಚಿಕ್ಕ ಕಥೆ. ಗ್ಲಾಸ್ಗೋದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್ 1955ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಬಾಯ್ಲರ್ ತಯಾರಿಸುವ ಕಾರ್ಖಾನೆಗೆ ಹೋದರು. ಲೋಹದಲ್ಲಿ ಬಿರುಕು ಹುಡುಕುವ ಯಂತ್ರ ಅಲ್ಲಿತ್ತು. ನೀರು ತುಂಬಿದ ಗಡ್ಡೆಯನ್ನೂ ಗಟ್ಟಿ ಗಡ್ಡೆಯನ್ನೂ ಅದು ಬೇರೆಬೇರೆಯಾಗಿ ತೋರಿಸಿತು. 1958ರಲ್ಲಿ ಅವರ ತಂಡದ ಲೇಖನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಈ ವೃತ್ತಿ ಬೆಳೆದದ್ದು ಅಲ್ಲಿಂದ.

[ಮತ್ತೆ ನಿರೂಪಕರು.]

ಯಾರು ಈ ಕೆಲಸ ಮಾಡಬಹುದು? ಇದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಸೋನೋಗ್ರಾಫರ್, ಅಂದರೆ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವವರು, ಎನ್ನುವುದೇ ಒಂದು ಪ್ರತ್ಯೇಕ ವೃತ್ತಿ. ಬೇರೆ ಹಲವು ಕಡೆ ವೈದ್ಯರೇ ಪ್ರೋಬ್ ಹಿಡಿಯಬೇಕು, ತಂತ್ರಜ್ಞರಿಗೆ ಸಹಾಯಕರ ಪಾತ್ರ ಮಾತ್ರ. ಫೀಸ್ ಕಟ್ಟುವ ಮೊದಲು, ನೀವು ಕೆಲಸ ಮಾಡಬೇಕೆಂದಿರುವ ದೇಶದ ಕಾನೂನು ಓದಿ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ "ನೀವು ಸ್ಕ್ಯಾನ್ ಮಾಡುವಂತಿಲ್ಲ" ಎಂದು ತಿಳಿದರೆ ಏನು ಪ್ರಯೋಜನ?

ಇನ್ನೊಂದು, ಭುಜ. ಕೈ ಚಾಚಿ, ಒತ್ತಿ ಹಿಡಿದು, ದಿನಕ್ಕೆ ಹತ್ತಾರು ಸ್ಕ್ಯಾನ್. ಈ ವೃತ್ತಿಯವರಲ್ಲಿ ಹೆಚ್ಚಿನವರು ನೋವಿನಲ್ಲೇ ಕೆಲಸ ಮಾಡುತ್ತಾರೆ ಎಂದು ಸಮೀಕ್ಷೆಗಳು ಮತ್ತೆ ಮತ್ತೆ ಹೇಳಿವೆ. ಮಂಚ ಎತ್ತರಿಸಿ, ರೋಗಿಯನ್ನು ನಿಮ್ಮ ಹತ್ತಿರಕ್ಕೆ ಸರಿಸಿಕೊಳ್ಳಿ, ಮೊಣಕೈ ಮೈಗೆ ಹತ್ತಿರ ಇಡಿ. ಮೊದಲ ತಿಂಗಳಲ್ಲಿ ಬಿದ್ದ ಅಭ್ಯಾಸ ಆಮೇಲೆ ಬಿಡುವುದು ಕಷ್ಟ.

ಮುಖಕ್ಕೂ ಅಭ್ಯಾಸ ಬೇಕು. ಗರ್ಭಿಣಿ ಪರದೆ ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾಳೆ. ಮಗುವಿನ ಎದೆಬಡಿತ ಸಿಗುತ್ತಿಲ್ಲ. ನೀವು ಇನ್ನೊಮ್ಮೆ ಹುಡುಕುತ್ತಿದ್ದೀರಿ. ಕೋಣೆಯಲ್ಲಿ ಸದ್ದಿಲ್ಲ. "ಎಲ್ಲಾ ಸರಿ ಇದೆಯಾ?" ಎಂದು ಅವಳು ಕೇಳಿದಾಗ ಏನು ಹೇಳುವುದು, ಯಾರನ್ನು ಕರೆಯುವುದು? ಒಳ್ಳೆಯ ಕೋರ್ಸ್‌ನಲ್ಲಿ ಇದನ್ನೂ ಕೂರಿಸಿ ಕಲಿಸುತ್ತಾರೆ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ. ನಾನು ಸ್ಕ್ಯಾನ್ ಮಾಡಿದ ಮೇಲೆ ಅದೇ ರೋಗಿಯನ್ನು ಮತ್ತೆ ನೋಡಿ ತಪ್ಪು ತೋರಿಸುವವರು ಯಾರು ಎಂದು ಕೇಳಿ. ಲಾಗ್‌ಬುಕ್‌ನಲ್ಲಿ ಎಷ್ಟು ಸ್ಕ್ಯಾನ್ ತುಂಬಿಸಬೇಕು, ಅದರಲ್ಲಿ ಪಕ್ಕದಲ್ಲಿ ನಿಂತು ನೋಡಿದ್ದೆಷ್ಟು, ಸ್ವಂತ ಕೈಯಿಂದ ಮಾಡಿದ್ದೆಷ್ಟು ಎಂದೂ ಕೇಳಿ. ಕೊನೆಗೆ ಒಂದೇ ಪ್ರಶ್ನೆ: "ಪ್ರೋಬ್ ನನ್ನ ಕೈಗೆ ಯಾವ ವಾರ ಬರುತ್ತದೆ?"

[ಮೇಜಿನ ಮೇಲೆ ಪ್ರೋಬ್, ಪಕ್ಕದಲ್ಲಿ ಜೆಲ್ ಬಾಟಲಿ. ಪರದೆ ಕಪ್ಪು.]