ಜಾರದ ಹಿಡಿ

ಕೇಳುಗರಿಗೆ ನಮಸ್ಕಾರ.

ಹಲಸಿನ ಹಣ್ಣು ಬಿಡಿಸುವಾಗ ಮೇಣ ಅಂಟಬಾರದು ಅಂತ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ, ಅಲ್ವಾ? ಅದೇ ಕೈಯಲ್ಲೇ ಚಾಕು ಹಿಡಿಯಬೇಕು. ಹೋದ ವರ್ಷ ನನ್ನ ಚಾಕು ಅಂಗೈಯೊಳಗೇ ತಿರುಗಿಬಿಟ್ಟಿತು. ಗಾಯವಾಗಲಿಲ್ಲ, ಆದರೆ ಎದೆ ಧಸಕ್ಕೆಂದಿತು. ಆ ಹಿಡಿ ನಾನೇ ಕೂರಿಸಿದ್ದು. ಕನ್ನಡಿ ಹಾಗೆ ಹೊಳೆಯಲಿ ಅಂತ ಎರಡು ದಿನ ಉಜ್ಜಿದ್ದೆ. ಜಾರಿದ್ದು ಆ ಹೊಳಪಿನಿಂದಲೇ.

ಹಿಡಿ ಮೈಕಾರ್ಟಾದ್ದು. ಬಟ್ಟೆಯನ್ನೋ ಕಾಗದವನ್ನೋ ಫೀನಾಲಿಕ್ ಅನ್ನುವ, ಬಿಸಿಗೆ ಗಟ್ಟಿಯಾಗುವ ರಾಳದಲ್ಲಿ ನೆನೆಸಿ, ಪದರ ಪದರವಾಗಿ ಜೋಡಿಸಿ, ಬಿಸಿಯಲ್ಲಿ ಒತ್ತಿ ಮಾಡುವ ಹಲಗೆ ಇದು. ಸುಮಾರು 1910ರ ಹೊತ್ತಿಗೆ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ವಿದ್ಯುತ್ ಕೆಲಸಕ್ಕೆಂದು ಇದನ್ನು ತಯಾರಿಸಿತು. ಅಲ್ಲಿಂದ ಹೊರಬಂದ ಇಬ್ಬರು 1913ರಲ್ಲಿ ಶುರು ಮಾಡಿದ್ದೇ ಫಾರ್ಮೈಕಾ. ಆ ಹೆಸರು ನಮ್ಮ ಬಡಗಿಗಳಿಗೆಲ್ಲ ಗೊತ್ತು.

ಹೊಳಪು ತೆಗೆಯಲು ಮೊದಲು 120ನೇ ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿದೆ. ಬಟ್ಟೆಯ ಎಳೆಗಳು ಕೈಗೆ ಸಿಗತೊಡಗಿದವು. ಬರೀ ನೀರಿನ ಕೈಗಾದರೆ ಇಷ್ಟೇ ಸಾಕು. ಎಣ್ಣೆ ಕೈಗೆ ಗೀರು ಬೇಕು.

ಅಲಗಿಗೆ ದಪ್ಪ ಬಟ್ಟೆ ಸುತ್ತಿ, ಟೇಪು ಬಿಗಿದು, ವೈಸಿಗೆ, ಅಂದರೆ ಮೇಜಿಗೆ ಕೂರಿಸಿದ ಇಕ್ಕಳಕ್ಕೆ ಕೊಟ್ಟೆ. ಗೆರೆಗಳನ್ನು ಪೆನ್ಸಿಲಿನಲ್ಲಿ ಎಳೆದುಕೊಂಡೆ, 5 ಮಿಲಿಮೀಟರಿಗೆ ಒಂದರಂತೆ, ಓರೆಯಾಗಿ. ಗರಗಸದ ಬ್ಲೇಡನ್ನು ಕೈಯಲ್ಲೇ ಹಿಡಿದು ಗೆರೆಯ ಮೇಲೆ ಎರಡು ಸಲ ಆಡಿಸಿದರೆ ಅರಕ್ಕೆ ದಾರಿಯಾಗುತ್ತದೆ. ಆಮೇಲೆ 4 ಮಿಲಿಮೀಟರಿನ ದುಂಡು ಅರ. ಮರ ಕೊಯ್ಯುವ ಚೈನ್ ಗರಗಸದ ಹಲ್ಲು ಹರಿತ ಮಾಡಲು ಇಟ್ಟುಕೊಳ್ಳುತ್ತಾರಲ್ಲ, ಅದೇ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ವಾಪಸ್ ಬರುವಾಗ ಎತ್ತಬೇಕು. ಅಂಚಿನಾಚೆಗೆ ತಳ್ಳಿದರೆ ಚೂರು ಎದ್ದು ಬರುತ್ತದೆ. ಅದಕ್ಕೇ ಎರಡೂ ಅಂಚಿನಿಂದ ನಡುವಿಗೆ ಬರಬೇಕು. ಆಳ ಒಂದು ಮಿಲಿಮೀಟರಿನೊಳಗೆ ಸಾಕು.

ಅರ ಇಳಿದಂತೆ ಒಳಗಿನ ಪದರಗಳು ಒಂದೊಂದಾಗಿ ಕಾಣುತ್ತವೆ, ಕಪ್ಪು, ಕಂದು, ಮತ್ತೆ ಕಪ್ಪು, ಗುಡ್ಡದ ಮೇಲಿನ ಗದ್ದೆ ಬದುಗಳ ಹಾಗೆ. ಎಷ್ಟು ಇಳಿದಿದ್ದೇನೆ ಅಂತ ಆ ಪದರಗಳೇ ಹೇಳುತ್ತವೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾಗುವುದು ಇದೇ. ಮಷಿನ್ ಆದರೆ ಇದನ್ನು ನೋಡುವಷ್ಟರಲ್ಲಿ ದಾಟಿ ಹೋಗಿರುತ್ತದೆ.

ನಾಲ್ಕು ಗೀರು ಹಾಕಿದ ಮೇಲೆ ಒಂದು ಸಲ ಹಿಡಿದು ನೋಡಿ. ಇಡೀ ಹಿಡಿಗೆ ಗೀರು ಬೇಡ. ಬೆರಳುಗಳು ಸುತ್ತಿಕೊಳ್ಳುವ ಎರಡು ಪಕ್ಕಕ್ಕೆ ಸಾಕು. ಅಂಗೈ ಒತ್ತುವ ಬೆನ್ನಿನಲ್ಲೂ ಕೊರೆದರೆ ಅರ್ಧ ಗಂಟೆ ಕೆಲಸಕ್ಕೇ ಬೊಬ್ಬೆ ಏಳುತ್ತದೆ. ಏಣುಗಳು ಚುಚ್ಚದ ಹಾಗೆ 220ರ ಕಾಗದವನ್ನು ಕಡ್ಡಿಗೆ ಸುತ್ತಿ ಮೆಲ್ಲಗೆ ಸವರಬೇಕು.

ದೂಳಿನ ವಿಷಯ ಮಾತ್ರ ದಯವಿಟ್ಟು ಸದರ ಮಾಡಬೇಡಿ. ಚಾಕು ಹಿಡಿಗೆ ಬಳಸುವ ಜಿ-ಟೆನ್ ಅಂತ ಇನ್ನೊಂದು ಹಲಗೆ ಇದೆ. ಅದರಲ್ಲಿರುವುದು ಗಾಜಿನ ನಾರು ಮತ್ತು ಎಪಾಕ್ಸಿ ಅನ್ನುವ ರಾಳ. ಅರ ಬೇಗ ಮೊಂಡಾಗುತ್ತದೆ, ಮೈಯೆಲ್ಲ ಕಡಿತ, ದೂಳು ಶ್ವಾಸಕೋಶಕ್ಕೂ ಕೆಟ್ಟದ್ದು. ಮೈಕಾರ್ಟಾ, ಜಿ-ಟೆನ್ ಎರಡಕ್ಕೂ ದೂಳು ತಡೆಯುವ ಸರಿಯಾದ ಮಾಸ್ಕ್ ಬೇಕು, ಸುಮ್ನೆ ಕರ್ಚೀಫ್ ಸಾಲದು. ಆದಷ್ಟು ನೀರು ಹಾಕಿಕೊಂಡೇ ಉಜ್ಜಿ. ಫ್ಯಾನ್ ಬೇಡ, ಊದುವುದೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೊನೆಗೆ ಹಳೇ ಟೂತ್‌ಬ್ರಷ್, ಸೋಪು, ನೀರು. ಗೀರಿನಲ್ಲಿ ಕೂತ ಪುಡಿಯೆಲ್ಲ ಹೊರಗೆ. ಈ ವರ್ಷದ ಮೊದಲ ಹಲಸನ್ನು ಅದೇ ಚಾಕುವಿನಿಂದ ಬಿಡಿಸಿದೆ. ಮೊಣಕೈವರೆಗೂ ಎಣ್ಣೆ ಇತ್ತು. ಹಿಡಿ ಅಲುಗಲಿಲ್ಲ.

ನಮಸ್ಕಾರ.